ಮಂಗನ ಕಾಯಿಲೆ: ಹೆಸರು ಹೇಳದ ಅಪರಿಚಿತರಿಗೆ ಎಷ್ಟು ತಿಳಿಸಬಹುದು?

ಅಕ್ಕಮಹಾದೇವಿಯ ಊರೆಂದು ಹೆಸರಾದ ಉಡುತಡಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅದರ ಪಕ್ಕದ ತಾಲ್ಲೂಕು ಸೊರಬ. ಸೊರಬದ ಕ್ಯಾಸನೂರು ಕಾಡಿನ ಹೆಸರು ಇವತ್ತು ಎರಡು ಬಗೆಯ ಕಾಗದಗಳಲ್ಲಿ ಕಾಣಸಿಗುತ್ತದೆ. ಮೊದಲನೆಯದು, ಮಲೆನಾಡಿನ ಆರೋಗ್ಯ ಕೇಂದ್ರಗಳ ಗೋಡೆಯ ಮೇಲಿನ ಎಚ್ಚರಿಕೆ. ‘ಕ್ಯಾಸನೂರು ಕಾಡಿನ ಕಾಯಿಲೆ’ ಅಥವಾ ಕೆಎಫ್‌ಡಿ ಎಂದು ಅದರಲ್ಲಿರುತ್ತದೆ. ಜನ ಅದನ್ನು ಕರೆಯುವುದು ಮಂಗನ ಕಾಯಿಲೆ ಎಂದು. ಎರಡನೆಯದು, ಆಸ್ಟ್ರೇಲಿಯಾ ಗ್ರೂಪ್ ಎಂಬ ದೇಶಗಳ ಕೂಟದ ಪಟ್ಟಿ. ಜೈವಿಕ ಆಯುಧಕ್ಕೆ ದುರುಪಯೋಗವಾಗಬಹುದಾದ ಸೂಕ್ಷ್ಮಜೀವಿಗಳ ರಫ್ತಿಗೆ ಕಡಿವಾಣ ಹಾಕುವ ಪಟ್ಟಿ ಅದು. ಭಾರತ 2018ರ ಜನವರಿಯಲ್ಲಿ ಈ ಕೂಟಕ್ಕೆ ಸೇರಿತು.

ಗೋಡೆಯ ಎಚ್ಚರಿಕೆ ‘ಎಲ್ಲರಿಗೂ ತಿಳಿಸಿ’ ಎನ್ನುತ್ತದೆ, ಪಟ್ಟಿ ‘ಎಲ್ಲರ ಕೈಗೂ ಕೊಡಬೇಡಿ’ ಎನ್ನುತ್ತದೆ. ಎರಡೂ ಒಂದೇ ವೈರಸ್ಸಿನ ಬಗ್ಗೆ. ಹಾಗಿರುವಾಗ, ಹೆಸರು, ಊರು ಯಾವುದನ್ನೂ ಹೇಳದ ಒಬ್ಬರು ಮೊಬೈಲಿನಲ್ಲಿ ಈ ವೈರಸ್ಸಿನ ಬಗ್ಗೆ ಪ್ರಶ್ನೆ ಕೇಳಿದರೆ ಏನು ಮಾಡಬೇಕು? ಉತ್ತರ ಕೊಟ್ಟರೆ ಅಪಾಯವೇ? ಕೊಡದಿದ್ದರೆ ಸುರಕ್ಷಿತವೇ? ತಾಂತ್ರಿಕ ವಿಷಯವನ್ನು ಗುಟ್ಟಾಗಿಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಕ್ಯಾಸನೂರಿನ ಕತೆಯ ಮೂಲಕವೇ ನೋಡೋಣ.

ಕ್ಯಾಸನೂರಿನಲ್ಲಿ ಆದದ್ದೇನು?

1957ರ ಬೇಸಿಗೆಯಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಆ ವರ್ಷ 466 ಮಂದಿಗೆ ಕಾಯಿಲೆ ಬಂದದ್ದು ದಾಖಲಾಗಿದೆ. ಪುಣೆಯಲ್ಲಿ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಂಡ ಸೊರಬಕ್ಕೆ ಬಂತು. ಈ ಕೇಂದ್ರವನ್ನು ನಡೆಸುತ್ತಿದ್ದವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್. ಇಂದು ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡಾಗ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಏಷ್ಯಾದಲ್ಲಿ ಹಳದಿ ಜ್ವರ ಇರಲೇ ಇಲ್ಲ. ಬಂದಿದ್ದರೆ ದೊಡ್ಡ ಅನಾಹುತವಾಗುತ್ತಿತ್ತು. ಆದರೆ ಸಿಕ್ಕ ವೈರಸ್ ಹೊಸದು. ಅದರ ಹತ್ತಿರದ ನೆಂಟ ಇದ್ದದ್ದು ರಷ್ಯಾದಲ್ಲಿ. ಅಲ್ಲಿನ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸನ್ನು ಸೋವಿಯತ್ ವಿಜ್ಞಾನಿಗಳು 1937ರಲ್ಲೇ ಗುರುತಿಸಿದ್ದರು. ಅವರ ಕೆಲಸ ಹೊರಜಗತ್ತಿಗೆ ತಿಳಿದಿತ್ತು. ಆದ್ದರಿಂದಲೇ ಸೊರಬದ ವೈರಸ್ಸನ್ನು ಅದರೊಂದಿಗೆ ಹೋಲಿಸಿ, ‘ಉಣುಗುಗಳನ್ನು ಹುಡುಕಿ’ ಎಂಬ ದಾರಿ ಬೇಗ ಹಿಡಿಯಲು ಸಾಧ್ಯವಾಯಿತು. ಶೀತಲ ಸಮರದ ಕಾಲದಲ್ಲಿ ಎದುರಾಳಿ ದೇಶದವರು ಬರೆದಿಟ್ಟ ವಿಷಯ ಮಲೆನಾಡಿನ ಹಳ್ಳಿಗಳ ಉಪಯೋಗಕ್ಕೆ ಬಂತು. ಬರೆದವರಿಗೆ ಓದುವವರು ಯಾರೆಂದು ಗೊತ್ತಿರಲಿಲ್ಲ.

ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ‘ಹೀಮಾಫೈಸಾಲಿಸ್ ಸ್ಪೈನಿಜೆರಾ’ ಎಂಬ ಜಾತಿಯ ಉಣುಗಿನ ಮರಿಗಳು. ಇವು ಎಷ್ಟು ಸಣ್ಣವೆಂದರೆ ಮೈಮೇಲೆ ಹತ್ತಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ, ಆ ಜಾಗವೇ ಅಪಾಯದ ತಾಣವಾಗುತ್ತದೆ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಈ ಕಾಯಿಲೆ ಹರಡುವುದಿಲ್ಲ.

ಗುಮಾನಿ ಹುಟ್ಟಿದ್ದು ಎಲ್ಲಿ?

ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ, ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಬಂದಿರಬಹುದು ಎಂಬ ಊಹೆಯಿತ್ತು. ಅದನ್ನು ಪರೀಕ್ಷಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಪಕ್ಷಿತಜ್ಞ ಸಾಲಿಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡಿತು. ಮುಂದೆ ಈ ಕೆಲಸಕ್ಕೆ ಅಮೆರಿಕದ ಸೈನ್ಯದ ಒಂದು ಯೋಜನೆಯಿಂದಲೂ ಹಣ ಬಂತು.

ಅಲ್ಲಿಂದ ಗುಮಾನಿ ಶುರು. ಹಕ್ಕಿಗಳ ಮೂಲಕ ರೋಗ ಹರಡುವುದು ಹೇಗೆಂದು ಸೈನ್ಯಕ್ಕೇಕೆ ಬೇಕು? ಸಂಗ್ರಹಿಸಿದ ಮಾಹಿತಿ ಎಲ್ಲಿಗೆ ಹೋಗುತ್ತದೆ? 1974ರಲ್ಲಿ ಪತ್ರಿಕೆಗಳು ಈ ಪ್ರಶ್ನೆಗಳನ್ನೆತ್ತಿದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನ್ನ 167ನೆಯ ವರದಿಯಲ್ಲಿ, ದೆಹಲಿಯ ಸೊಳ್ಳೆ ಸಂಶೋಧನೆಯ ಜೊತೆಗೆ ಹಕ್ಕಿಗಳ ಈ ಅಧ್ಯಯನವನ್ನೂ ಕಟುವಾಗಿ ಪ್ರಶ್ನಿಸಿತು. ಇತ್ತ ‘ಮಂಗನ ಕಾಯಿಲೆಯನ್ನು ಅಮೆರಿಕದವರೇ ತಂದುಬಿಟ್ಟರು’ ಎಂಬ ಮಾತೂ ಹರಡಿತ್ತು. ಅದು ಇಂದಿಗೂ ಆಗಾಗ ಮೊಬೈಲುಗಳಲ್ಲಿ ತಿರುಗುತ್ತದೆ.

ಈ ಮಾತು ನಿಜವೇ? ನಿಜವೆನ್ನಲು ಆಧಾರವಿಲ್ಲ. ಪ್ರಯೋಗಾಲಯದಲ್ಲಿ ರಾಸಾಯನಿಕಗಳಿಂದಲೇ ವೈರಸ್ಸೊಂದನ್ನು ಜೋಡಿಸಿದ್ದು ಮೊದಲ ಬಾರಿಗೆ ವರದಿಯಾದದ್ದು 2002ರಲ್ಲಿ. ಆ ವೈರಸ್ ಪೋಲಿಯೊ. 1957ರಲ್ಲಿ ಅಂಥ ವಿದ್ಯೆಯೇ ಇರಲಿಲ್ಲ. ಇನ್ನೊಂದು ಸಾಕ್ಷಿ ವೈರಸ್ಸಿನ ಒಳಗೇ ಇದೆ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಪತ್ತೆಯಾಯಿತು. ಅದು ಕ್ಯಾಸನೂರಿನ ವೈರಸ್ಸಿಗೆ ತೀರಾ ಹತ್ತಿರದ್ದು. ಎರಡರ ಜೀನೋಮುಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ, ಇವೆರಡೂ ಕವಲೊಡೆದು ಸುಮಾರು 700 ವರ್ಷಗಳಾಗಿರಬಹುದು ಎಂದು ಲೆಕ್ಕ ಹಾಕಿತು. ಅಂದರೆ ಈ ವೈರಸ್ 1957ರಲ್ಲಿ ಹುಟ್ಟಿದ್ದಲ್ಲ, ಬಹುಕಾಲದಿಂದ ಪ್ರಕೃತಿಯಲ್ಲಿ ಇದ್ದದ್ದು. ಕಾಡು ಕಡಿದು, ದನ ಮೇಯಿಸುವುದು ಹೆಚ್ಚಿ, ಉಣುಗುಗಳೂ ಮನುಷ್ಯರೂ ಹತ್ತಿರವಾದಾಗ ಅದು ನಮ್ಮ ಕಣ್ಣಿಗೆ ಬಿತ್ತು ಎಂಬುದು ಇಲ್ಲಿ ಕೆಲಸ ಮಾಡಿದ ಸಂಶೋಧಕರ ವಿವರಣೆ.

ಇಲ್ಲಿ ಗಮನಿಸಬೇಕಾದದ್ದಿದೆ. ಗುಮಾನಿ ಬೆಳೆದದ್ದು ಹಣ ಯಾರದು, ಮಾಹಿತಿ ಯಾರಿಗೆ ಎಂಬುದು ಜನರಿಗೆ ಸ್ಪಷ್ಟವಾಗಿ ತಿಳಿಯದೆ ಹೋದ ಕಡೆ. ಗುಮಾನಿಗೆ ಉತ್ತರ ಸಿಕ್ಕಿದ್ದು ಜೀನೋಮಿನ ಮಾಹಿತಿಯನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದ್ದರಿಂದ.

ಇಂಥ ಗುಮಾನಿ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ರಷ್ಯಾದ ಮಿದುಳು ಜ್ವರದ ವೈರಸ್ಸನ್ನು ಪತ್ತೆ ಮಾಡಿದ ತಂಡದ ಮುಖ್ಯಸ್ಥ ಲೆವ್ ಜಿಲ್ಬರ್ ಅವರನ್ನೇ, ರೋಗ ಹರಡಲು ಯತ್ನಿಸಿದ ಆರೋಪ ಹೊರಿಸಿ ಅದೇ 1937ರಲ್ಲಿ ಬಂಧಿಸಲಾಗಿತ್ತು.

ವಿಷಯ ತಿಳಿದ ಮಾತ್ರಕ್ಕೆ ವೈರಸ್ ಕೈಗೆ ಸಿಗುತ್ತದೆಯೇ?

ಇಲ್ಲ. ಒಂದು ವೈರಸ್ ಅಪಾಯಕಾರಿಯಾಗಿ ಯಾರದೋ ಕೈಸೇರಬೇಕಾದರೆ ಜೀವಂತ ಮಾದರಿ, ಅದನ್ನು ಬೆಳೆಸುವ ಸಲಕರಣೆ, ಕೈಪಳಗಿದ ಜನ, ತಮಗೇ ಸೋಂಕು ತಗಲದಂತೆ ನೋಡಿಕೊಳ್ಳುವ ವ್ಯವಸ್ಥೆ ಇಷ್ಟೂ ಬೇಕು. ಈ ವೈರಸ್ಸಿನ ಮೇಲೆ ಕೆಲಸ ಮಾಡಿದ ಅನುಭವಿ ಪ್ರಯೋಗಾಲಯಗಳ ಸಿಬ್ಬಂದಿಗೇ ಹಿಂದೆ ಸೋಂಕು ತಗಲಿದ ಉದಾಹರಣೆಗಳಿವೆ. ಅದಕ್ಕಾಗಿಯೇ ಇಂದು ಇಂಥ ವೈರಸ್ಸುಗಳನ್ನು ಪುಣೆಯಲ್ಲಿರುವಂಥ ಅತಿ ಹೆಚ್ಚು ಸುರಕ್ಷತೆಯ ಪ್ರಯೋಗಾಲಯಗಳಲ್ಲಿ ನಿರ್ವಹಿಸುತ್ತಾರೆ. ರಫ್ತು ಪಟ್ಟಿಗಳು ಮುಖ್ಯವಾಗಿ ಕಾವಲು ಕಾಯುವುದೂ ಈ ಜೀವಂತ ಮಾದರಿ ಮತ್ತು ಸಲಕರಣೆಗಳನ್ನೇ. ‘ಉಣುಗು ಕಚ್ಚಿದರೆ ಜ್ವರ ಬರುತ್ತದೆ’ ಎಂಬ ವಿಷಯಕ್ಕೆ ಕಾವಲು ಬೇಕಿಲ್ಲ.

ಹಾಗೆಂದು ಎಲ್ಲ ತಾಂತ್ರಿಕ ವಿಷಯವೂ ಸಮಾನವಲ್ಲ. 2011ರಲ್ಲಿ ಎರಡು ಸಂಶೋಧನಾ ತಂಡಗಳು, ಹಕ್ಕಿಜ್ವರದ ವೈರಸ್ ಸಸ್ತನಿಗಳ ನಡುವೆ ಗಾಳಿಯಲ್ಲಿ ಹರಡಲು ಎಂಥ ಬದಲಾವಣೆ ಸಾಕು ಎಂಬುದನ್ನು ತೋರಿಸಿದವು. ಅಮೆರಿಕದ ಜೈವಿಕ ಸುರಕ್ಷತಾ ಸಲಹಾ ಮಂಡಳಿ ಮೊದಲಿಗೆ ‘ತೀರ್ಮಾನಗಳನ್ನು ಪ್ರಕಟಿಸಿ, ವಿಧಾನದ ವಿವರ ಬಿಡಿ’ ಎಂದಿತು. ಲೋಕವೆಲ್ಲ ಚರ್ಚಿಸಿದ ಮೇಲೆ 2012ರಲ್ಲಿ ಎರಡೂ ಲೇಖನಗಳು ಪ್ರಕಟವಾದವು. ಒಪ್ಪಿದವರೂ ವಿರೋಧಿಸಿದವರೂ ಈಗಲೂ ಇದ್ದಾರೆ. ಅಲ್ಲಿ ನಡೆದ ಚರ್ಚೆ ಮಾತ್ರ ಮುಖ್ಯ: ಯಾವ ವಿವರ ಎಷ್ಟು ಉಪಕಾರಿ, ಎಷ್ಟು ಅಪಾಯಕಾರಿ ಎಂದು ಒಂದೊಂದನ್ನೇ ತೂಗಿ ನೋಡಲಾಯಿತು.

ಹೆಸರು ಕೇಳಿದರೆ ಅಪಾಯ ತಪ್ಪುತ್ತದೆಯೇ?

‘ನೀವು ಯಾರು ಎಂದು ಹೇಳಿ, ಆಮೇಲೆ ಉತ್ತರ ಕೊಡುತ್ತೇವೆ’ ಎನ್ನುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಹೆಸರು ಸುಳ್ಳಿರಬಹುದು. ನಿಜವಾದ ಹೆಸರೂ ಉದ್ದೇಶವನ್ನು ಹೇಳುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಯಾರೋ ಅಂಚೆಯ ಮೂಲಕ ಆಂತ್ರಾಕ್ಸ್ ಪುಡಿ ಕಳಿಸಿ 5 ಮಂದಿ ಸತ್ತರು. ವರ್ಷಗಟ್ಟಲೆ ತನಿಖೆ ನಡೆಸಿದ ಎಫ್‌ಬಿಐ, ಇದು ಸೈನ್ಯದ ಪ್ರಯೋಗಾಲಯದಲ್ಲೇ ಕೆಲಸ ಮಾಡುತ್ತಿದ್ದ ವಿಜ್ಞಾನಿಯೊಬ್ಬನ ಕೆಲಸ ಎಂಬ ತೀರ್ಮಾನಕ್ಕೆ ಬಂತು. ಆ ತೀರ್ಮಾನವನ್ನು ಪ್ರಶ್ನಿಸಿದವರೂ ಇದ್ದಾರೆ. ಅದು ಸರಿಯಾಗಿದ್ದರೆ, ಅಂಥವನನ್ನು ಯಾವ ಗುರುತಿನ ಚೀಟಿಯೂ ತಡೆಯುತ್ತಿರಲಿಲ್ಲ. ಅವನ ಬಳಿ ಎಲ್ಲ ಗುರುತೂ ಇತ್ತು.

ಇನ್ನೊಂದು ಕಡೆಯಿಂದ ನೋಡಿ. ಮಂಗನ ಕಾಯಿಲೆಯ ಬಗ್ಗೆ ನಿಜಕ್ಕೂ ತುರ್ತಾಗಿ ತಿಳಿಯಬೇಕಾದವರು ಯಾರು? ಸೊಪ್ಪಿನಬೆಟ್ಟಕ್ಕೆ ದರಗು ಗುಡಿಸಲು ಹೋಗುವ ಹೆಂಗಸು, ದನ ಮೇಯಿಸುವ ಹುಡುಗ, ಬೇರೆ ಜಿಲ್ಲೆಯಿಂದ ತೋಟದ ಕೂಲಿಗೆ ಬಂದವರು. ಅವರಲ್ಲಿ ಎಷ್ಟೋ ಜನ ಮಗನ ಮೊಬೈಲಿನಿಂದಲೋ ಪಕ್ಕದ ಮನೆಯವರ ಮೊಬೈಲಿನಿಂದಲೋ ಕೇಳುತ್ತಾರೆ. ಮನೆಯಲ್ಲಿ ಜ್ವರದವರಿದ್ದಾರೆ ಎಂದು ಊರಿಗೆ ತಿಳಿದರೆ ಏನಾಗುತ್ತದೋ ಎಂಬ ಅಂಜಿಕೆಯಿಂದ ಹೆಸರು ಹೇಳದವರೂ ಇರುತ್ತಾರೆ. ಹೆಸರು ಕೇಳುವ ಬಾಗಿಲು ಕಟ್ಟಿದರೆ ಮೊದಲು ಹಿಂದಿರುಗುವವರು ಇವರೇ. ಕೆಟ್ಟ ಉದ್ದೇಶದವನು ಸುಳ್ಳು ಹೆಸರು ಬರೆದು ಒಳಗೆ ಬರುತ್ತಾನೆ.

ಹೆಸರು ಕೇಳದೆ ನೆರವಾಗುವುದು ಈ ಸೀಮೆಗೆ ಹೊಸದೂ ಅಲ್ಲ. ಉಡುತಡಿಯ ತಾಲ್ಲೂಕಿನಲ್ಲೇ ಇರುವ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. ಬಡವರು, ಕುರುಡರು, ಕುಂಟರು, ಬೇರೆ ಬೇರೆ ಮತದ ಸಂನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನ ಸಿಗುತ್ತಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತು ಎಂದು 1162ರ ಶಾಸನ ತಿಳಿಸುತ್ತದೆ.

ಹೇಳದೆ ಹೋದರೆ ಆಗುವ ನಷ್ಟವೇನು?

ಮಂಗನ ಕಾಯಿಲೆಯ ಲಸಿಕೆಯ ಕತೆ ಇದಕ್ಕೆ ಉತ್ತರ. ಕರ್ನಾಟಕದಲ್ಲಿ ತಯಾರಾಗುತ್ತಿದ್ದ ಈ ಲಸಿಕೆಯ 1990-92ರ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ಶೇಕಡಾ 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರ ಅವಧಿಯ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡಾ 62.4, ಬೂಸ್ಟರ್ ಸೇರಿದರೆ 82.9. ಎರಡೂ ಒಂದೇ ರೀತಿಯ ಅಧ್ಯಯನಗಳಲ್ಲ. ಆದರೂ ಲಸಿಕೆಯ ಬಲ ಮೊದಲಿನಂತಿಲ್ಲ ಎಂಬ ಸೂಚನೆ ಅದರಲ್ಲಿತ್ತು. ಕೊನೆಗೆ 2022ರಲ್ಲಿ, ಲಸಿಕೆ ಪರಿಣಾಮಕಾರಿಯಾಗಿಲ್ಲವೆಂದು ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ.

2013ರ ಅಂಕಿಗಳು ಗುಟ್ಟಾಗಿರಲಿಲ್ಲ. ಯಾರು ಬೇಕಾದರೂ ಓದಬಹುದಾದ ಇಂಗ್ಲಿಷ್ ವೈಜ್ಞಾನಿಕ ಪತ್ರಿಕೆಯಲ್ಲಿದ್ದವು. ಆದರೆ ತೋಳು ಒಡ್ಡುವವರ ಭಾಷೆಯಲ್ಲಿ ಬರದ ಅಂಕಿ ಅವರ ಪಾಲಿಗೆ ಇದ್ದೂ ಇಲ್ಲದಂತೆ. ‘ಲಸಿಕೆ ಹಾಕಿಸಿಕೊಂಡಿದ್ದೇನೆ, ನನಗೇನೂ ಆಗದು’ ಎಂದು ನಂಬಿದವರು ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗಬಹುದು. ‘100ರಲ್ಲಿ 60 ಪಾಲು ರಕ್ಷಣೆ ಅಷ್ಟೇ, ಎಣ್ಣೆಯನ್ನೂ ಹಚ್ಚಿಕೊಳ್ಳಿ’ ಎಂದು ತಿಳಿದಿದ್ದರೆ ಅವರ ನಡೆ ಬೇರೆಯಾಗುತ್ತದೆ. ಇಲ್ಲಿ ತಾಂತ್ರಿಕ ವಿಷಯ ಹಂಚುವುದು ಜೀವದ ಪ್ರಶ್ನೆ.

ಹಾಗಾದರೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು?

‘ಕೇಳುತ್ತಿರುವವರು ಯಾರು’ ಎಂಬುದರ ಬದಲು ‘ಕೇಳುತ್ತಿರುವುದು ಏನು’ ಎಂಬುದನ್ನು ನೋಡಬೇಕು ಎಂಬುದು ನಮ್ಮ ನಿಲುವು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು.

1. ಈ ವಿಷಯ ನೇರವಾಗಿ ಯಾರನ್ನಾದರೂ ಕಾಪಾಡುತ್ತದೆಯೇ? ರೋಗ ಹೇಗೆ ಹರಡುತ್ತದೆ, ಲಕ್ಷಣವೇನು, ತಡೆಯುವುದು ಹೇಗೆ, ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಕೇಳಿದವರಿಗೆಲ್ಲ ಹೇಳಿ, ಕೇಳದವರಿಗೂ ಹೇಳಿ.

2. ಇದು ಕೆಡುಕು ಮಾಡುವವನಿಗೆ ಕೊರತೆಯಿರುವ ಕೊನೆಯ ತುಂಡೇ? ವೈರಸ್ಸನ್ನು ಬೆಳೆಸುವ, ಅದರ ಹರಡುವಿಕೆ ಹೆಚ್ಚಿಸುವ ಕ್ರಮದ ಬಗ್ಗೆ ಅಪರಿಚಿತರು ಕೇಳಿದರೆ ಮೊಬೈಲಿನಲ್ಲಿ ಉತ್ತರಿಸುವ ಅಗತ್ಯವಿಲ್ಲ. ಅದು ನಿಜವಾಗಿ ಬೇಕಾದವರಿಗೆ ಸಂಸ್ಥೆ, ಮಾರ್ಗದರ್ಶಕರು, ಜೈವಿಕ ಸುರಕ್ಷತಾ ಸಮಿತಿ ಇರುತ್ತವೆ. ಅಲ್ಲಿ ಕಲಿಯುವುದು ಅವರಿಗೇ ಕ್ಷೇಮ.

3. ಇದು ಇನ್ನೊಬ್ಬರ ಖಾಸಗಿ ವಿಷಯವೇ? ಯಾರಿಗೆ ಜ್ವರ ಬಂದಿದೆ, ಯಾವ ಮನೆ, ಪರೀಕ್ಷೆಯ ಚೀಟಿಯ ಫೋಟೊ ಇವನ್ನು ಹಂಚಬಾರದು. ಮಂಗ ಸತ್ತ ಜಾಗವನ್ನು ಮಾತ್ರ ಊರಿಗೆಲ್ಲ ಹೇಳಬೇಕು. ಜಾಗ ತಿಳಿದರೆ ಜನ ದೂರವಿರುತ್ತಾರೆ. ರೋಗಿಯ ಹೆಸರು ತಿಳಿದರೆ ಯಾರಿಗೂ ಉಪಕಾರವಿಲ್ಲ.

4. ತಪ್ಪಾಗಿ ಅರ್ಥವಾದರೆ ಪೆಟ್ಟು ಯಾರಿಗೆ? ಕೀಟನಾಶಕದ ಪ್ರಮಾಣ, ಮಾತ್ರೆಯ ಡೋಸ್ ಇಂಥವಕ್ಕೆ ವಯಸ್ಸು, ತೂಕ, ಬೇರೆ ಕಾಯಿಲೆ ಗೊತ್ತಿಲ್ಲದೆ ಅಂದಾಜಿನ ಉತ್ತರ ಕೊಡಬಾರದು. ಯಾರನ್ನು ಕೇಳಬೇಕು ಎಂಬುದನ್ನು ಹೇಳಿ.

ಎರಡನೆಯ ಪ್ರಶ್ನೆಗೆ ಸಿಕ್ಕಿಬೀಳುವ ವಿಷಯ ನಿತ್ಯಜೀವನದಲ್ಲಿ ಬಹಳ ಕಡಿಮೆ. ಅಂಥದ್ದು ಬಂದಾಗ ‘ಇದನ್ನು ಯಾತಕ್ಕಾಗಿ ಕೇಳುತ್ತಿದ್ದೀರಿ?’ ಎಂದು ಸೌಮ್ಯವಾಗಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಅನೇಕ ಸಲ ಅದರಿಂದ ನಿಜವಾದ ಪ್ರಶ್ನೆ ಹೊರಬರುತ್ತದೆ. ‘ವೈರಸ್ ಎಷ್ಟು ದಿನ ಬದುಕುತ್ತದೆ?’ ಎಂದು ಕೇಳಿದವರಿಗೆ ಬೇಕಾಗಿದ್ದದ್ದು ‘ರೋಗಿಯ ಬಟ್ಟೆ ಒಗೆಯಬಹುದೇ?’ ಎಂಬುದಕ್ಕೆ ಉತ್ತರವಾಗಿರಬಹುದು.

ಎಲ್ಲರಿಗೂ ಹೇಳಬೇಕಾದದ್ದು

ಮೊದಲ ಪ್ರಶ್ನೆಯ ಗುಂಪಿಗೆ ಸೇರಿದ ವಿಷಯಗಳು ಇವು. ಯಾರಿಗೆ ಬೇಕಾದರೂ ಕಳಿಸಿ.

• ಕಾಯಿಲೆ ಹೆಚ್ಚು ಕಾಣಿಸುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಆಗ ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ.

• ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ.

• ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಸುಡಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಬೆರಳಿನಲ್ಲಿ ಹಿಸುಕಬೇಡಿ.

• ಕಾಡಿನ ದರಗನ್ನು ತಂದು ಮನೆಯ ಹತ್ತಿರ ರಾಶಿ ಹಾಕಬೇಡಿ. ಅದರ ಜೊತೆ ಉಣುಗುಗಳೂ ಬರುತ್ತವೆ.

• ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಸುತ್ತಲಿನ ಜಾಗಕ್ಕೆ ಕೀಟನಾಶಕ ಹಾಕುವ ಕ್ರಮ ಅವರಿಗೆ ಗೊತ್ತು.

• ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜೋರು ಜ್ವರ ಬಂದರೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ, ಆದರೆ ಬೇಗ ಆರೈಕೆ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ. ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು.

• ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡದು. ರೋಗಿಯನ್ನಾಗಲಿ ಮನೆಯವರನ್ನಾಗಲಿ ದೂರವಿಡುವ ಕಾರಣವಿಲ್ಲ. ಮಂಗಗಳನ್ನು ಕೊಲ್ಲುವುದರಿಂದಲೂ ಪ್ರಯೋಜನವಿಲ್ಲ.

ಉತ್ತರ ಕೊಡುವವರೂ ಅಪರಿಚಿತರೇ

ಕೊನೆಯದಾಗಿ ಒಂದು ಮಾತು. ಕೇಳುವವರು ಯಾರೆಂದು ನಮಗೆ ಗೊತ್ತಿಲ್ಲದಂತೆ, ಹೇಳುವವರು ಯಾರೆಂದು ನಿಮಗೂ ಗೊತ್ತಿರುವುದಿಲ್ಲ. ಮೊಬೈಲಿಗೆ ಬಂದ ‘ಮಂಗನ ಕಾಯಿಲೆಗೆ ರಾಮಬಾಣ’ ಎಂಬ ಸಂದೇಶದ ಹಿಂದೆ ಯಾರಿದ್ದಾರೆ? ಆದ್ದರಿಂದ ಹೇಳಿದವರ ಹೆಸರಿನ ಮೇಲಾಗಲಿ, ಹೆಸರಿನ ಹಿಂದಿನ ‘ಡಾಕ್ಟರ್’ ಎಂಬ ಪದದ ಮೇಲಾಗಲಿ ನಂಬಿಕೆ ಇಡಬೇಡಿ. ‘ಇದನ್ನು ಎಲ್ಲಿ ಪರೀಕ್ಷಿಸಿ ನೋಡಬಹುದು?’ ಎಂದು ಕೇಳಿ. ಮೇಲಿನ ಪಟ್ಟಿಯ ಪ್ರತಿಯೊಂದು ಸಾಲನ್ನೂ ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಕೇಳಬಹುದು. ನಾವು ಬರೆದದ್ದನ್ನೂ ಹಾಗೆಯೇ ಕೇಳಿ ನೋಡಿ.